‘ಕಮೀಞೊ’ ಒಲೆಯಿಂದ ಬಂದದ್ದಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ತಮ್ಮ ಪುರವಣಿಯಲ್ಲಿ, ಸ್ಪೇನ್ ದೇಶದ ವಾಯವ್ಯ ಮೂಲೆಯ ಗಲಿಸಿಯಾ ಪ್ರಾಂತವನ್ನೂ ಅಲ್ಲಿನ ಸಾಂತಿಯಾಗೊ ದೆ ಕೊಂಪೊಸ್ತೆಲಾ ಎಂಬ ಊರಿಗೆ ಕ್ರೈಸ್ತರು ನಡೆದುಹೋಗುವ ಯಾತ್ರೆಯನ್ನೂ ಕುರಿತು ಪ್ರಕಟವಾದ ಲೇಖನವನ್ನು ನಾನು ಎರಡು ಸಲ ಓದಿದೆ. ಮೊದಲ ಸಲ ಓದಿದ್ದು ಖುಷಿಗೆ. ಬಿಡದೆ ಹನಿಯುವ ಮಳೆ, ಗ್ರಾನೈಟ್ ಕಲ್ಲಿನ ಮನೆಗಳು, ನೀಲಗಿರಿ ತೋಪುಗಳ ನಡುವಿನ ಓಣಿಗಳು, ಇವನ್ನೆಲ್ಲ ಲೇಖಕರು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ. ಎರಡನೆಯ ಸಲ ಓದಿದ್ದು ಪೆನ್ಸಿಲ್ ಹಿಡಿದು. ಯಾತ್ರೆಯ ದಾರಿಗೆ ಗಲಿಸಿಯನ್ ಭಾಷೆಯಲ್ಲಿರುವ ‘ಕಮೀಞೊ’ ಎಂಬ ಹೆಸರಿನ ಮೂಲವನ್ನು ವಿವರಿಸುತ್ತ ಅವರು, ಆ ಪದವು ಕುಲುಮೆ ಅಥವಾ ಒಲೆ ಎಂಬ ಅರ್ಥದ ಗ್ರೀಕ್ ‘ಕಾಮಿನೊಸ್’ನಿಂದ ಬಂದಿದೆಯೆಂದೂ, ಯಾತ್ರಿಕರು ಪ್ರತಿ ರಾತ್ರಿ ಒಂದು ಮನೆಯ ಒಲೆಯಿಂದ ಇನ್ನೊಂದು ಮನೆಯ ಒಲೆಯತ್ತ ನಡೆಯುತ್ತಿದ್ದುದರಿಂದ ದಾರಿಗೇ ಒಲೆಯ ಹೆಸರು ಬಿತ್ತೆಂದೂ ಹೇಳಿದ್ದಾರೆ. ಅದೇ ಲೇಖನದ ಕೊನೆಯಲ್ಲಿ, ಇದು ಗಲಿಸಿಯಾದ ಪ್ರಾಚೀನ ಕೆಲ್ಟರು (ರೋಮನ್ನರಿಗೂ ಮುಂಚಿನ ಯೂರೋಪಿನ ಜನ; ಐರಿಷ್, ವೆಲ್ಷ್ ಭಾಷೆಗಳು ಅವರ ಮಾತಿನ ಕುಟುಂಬದವು) ಎರಡೂವರೆ ಸಾವಿರ ವರ್ಷಗಳಿಂದ ಬಾಯಲ್ಲಿ ಉಳಿಸಿಕೊಂಡು ಬಂದ ಪದವೆಂದೂ ಇದೆ. ಎರಡೂ ಒಟ್ಟಿಗೆ ನಿಜವಾಗಲಾರವು. ನನ್ನ ತಿಳಿವಳಿಕೆಯಲ್ಲಿ ಮೊದಲನೆಯದು ಪೂರ್ತಿ ತಪ್ಪು, ಎರಡನೆಯದು ಅರ್ಧ ಸರಿ. ಆ ಅರ್ಧವನ್ನು ಬಿಡಿಸಿ ನೋಡಿದರೆ ಒಲೆಯ ಕಥೆಗಿಂತ ಸ್ವಾರಸ್ಯದ ವಂಶಾವಳಿಯೊಂದು ಸಿಗುತ್ತದೆ ಎಂಬ ಕಾರಣಕ್ಕೆ ಈ ಪತ್ರ.

ಮೊದಲು ಪದದ ಉಚ್ಚಾರಣೆಯನ್ನು ನೋಡೋಣ. ಲೇಖನದುದ್ದಕ್ಕೂ ಅದು ‘ಕಮಿನೋ’ ಎಂದು ಅಚ್ಚಾಗಿದೆ. ಅದು ಸ್ಪ್ಯಾನಿಷ್ ರೂಪ. ಗಲಿಸಿಯನ್ ಬೇರೆಯೇ ಭಾಷೆ. ಪೋರ್ಚುಗೀಸಿನ ಒಡಹುಟ್ಟು, ಸುಮಾರು 27 ಲಕ್ಷ ಜನರಿರುವ ಪ್ರಾಂತದಲ್ಲಿ 1981ರ ಸ್ವಾಯತ್ತತೆಯ ಶಾಸನದಿಂದೀಚೆಗೆ ಸ್ಪ್ಯಾನಿಷ್‌ನ ಜೊತೆಗೆ ಅಧಿಕೃತ ಸ್ಥಾನ ಪಡೆದದ್ದು. ಆ ಭಾಷೆಯಲ್ಲಿ ದಾರಿಗೆ ‘ಕಮೀಞೊ’ ಎನ್ನುತ್ತಾರೆ. ನಮ್ಮ ವರ್ಣಮಾಲೆಯ ಚವರ್ಗದ ತುದಿಯಲ್ಲಿ, ‘ಜ್ಞ’ಕ್ಕೆ ಒತ್ತಾಗುವುದನ್ನು ಬಿಟ್ಟರೆ ಹೆಚ್ಚು ಕೆಲಸವಿಲ್ಲದೆ ಕೂತಿರುವ ‘ಞ’ಕಾರಕ್ಕೆ ಇಲ್ಲಿ ಹೇಳಿಮಾಡಿಸಿದ ಉದ್ಯೋಗ ಸಿಕ್ಕಿದೆ. ಇಂಗ್ಲಿಷ್ ಪತ್ರಿಕೆಗಳ ಬಳಿ ಆ ಅಕ್ಷರವಿಲ್ಲ, ಅವು ತಡವರಿಸಿದರೆ ಅರ್ಥವಾಗುತ್ತದೆ. ಕನ್ನಡ ಪತ್ರಿಕೆಗೆ ಆ ನೆಪವಿಲ್ಲ. ಇದನ್ನು ಮೊಸರಲ್ಲಿ ಕಲ್ಲು ಹುಡುಕುವ ಚಾಳಿ ಎಂದು ತಾವು ಭಾವಿಸಬಾರದು. ಏಕೆಂದರೆ ಈ ಪದದ ಜಾತಕ ಬರೆದಿರುವುದೇ ಆ ‘ಞ’ಕಾರದಲ್ಲಿ ಮತ್ತು ಅದಕ್ಕೆ ಮುಂಚಿನ ‘ಮ’ಕಾರದಲ್ಲಿ.

ಒಲೆಯ ಕಥೆ ಹುಟ್ಟಿದ್ದು ಎಲ್ಲಿಂದ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಲ್ಯಾಟಿನ್ನಿನಲ್ಲಿ ಎರಡು ಪದಗಳಿದ್ದವು. ನೋಡಲು ಅವಳಿಗಳಂತಿದ್ದರೂ ಹುಟ್ಟಿನಲ್ಲಿ ಅವಕ್ಕೆ ಪರಸ್ಪರ ನಂಟಿಲ್ಲ. ಒಂದು ‘ಕಮೀನುಸ್’. ಇದರಲ್ಲಿ ಮಕಾರ ಒಂದೇ. ಲೇಖಕರು ಹೇಳುವ ಗ್ರೀಕ್ ಪದದಿಂದಲೇ ಸಾಲವಾಗಿ ಬಂದದ್ದು. ಕುಲುಮೆ, ಬೆಂಕಿಗೂಡು ಎಂಬ ಅರ್ಥದ್ದು. ಬೆಂಕಿಗೂಡಿರುವ ಕೋಣೆಗೆ ಕಡೆಗಾಲದ ಲ್ಯಾಟಿನ್ನಿನಲ್ಲಿ ‘ಕಮಿನಾತ’ ಎಂದರು. ಅದು ಫ್ರೆಂಚಿನಲ್ಲಿ ‘ಶೆಮಿನೇ’ ಆಗಿ, ಇಂಗ್ಲಿಷಿಗೆ ‘ಚಿಮ್ನಿ’ಯಾಗಿ ದಾಟಿ, ಕೊನೆಗೆ ನಮ್ಮ ಚಿಮಣಿ ದೀಪದವರೆಗೂ ಬಂದು ಮುಟ್ಟಿತು. ಇನ್ನೊಂದು ‘ಕಮ್ಮೀನುಸ್’. ಇದರಲ್ಲಿ ಮಕಾರ ಎರಡು, ಅರ್ಥ ದಾರಿ. ಸಿಸೆರೊ, ಸೀಸರ್ ಮುಂತಾದವರ ಶಿಷ್ಟ ಲ್ಯಾಟಿನ್ನಿನಲ್ಲಿ ಈ ಪದ ಕಾಣುವುದಿಲ್ಲ. ಅದು ಸಾಮ್ರಾಜ್ಯದ ಕೊನೆಗಾಲದ ಜನಬಳಕೆಯ ಮಾತಿಗೆ ಸೇರಿದ್ದು. ಇದರ ಮೇಲೆ ಇನ್ನೊಂದು ಕಾಕತಾಳೀಯವೂ ಸೇರಿಕೊಂಡಿದೆ: ಇಂದಿನ ಸ್ಪ್ಯಾನಿಷ್‌ನಲ್ಲಿ ‘ಕಮಿನಾತ’ ಎಂದರೆ ದೂರದ ನಡಿಗೆ. ನಡೆ ಎಂಬ ಕ್ರಿಯಾಪದದ ಬಳಗಕ್ಕೆ ಸೇರಿದ ಈ ಹೊಸ ಪದಕ್ಕೂ ಬೆಂಕಿಗೂಡಿನ ಹಳೆಯ ಕೋಣೆಗೂ ಸಂಬಂಧವಿಲ್ಲ. ನಿಘಂಟಿನಲ್ಲಿ ಇವೆರಡನ್ನೂ ಅಕ್ಕಪಕ್ಕ ಕಂಡವರಿಗೆ ಒಲೆಯಿಂದ ಒಲೆಗೆ ನಡೆಯುವ ಯಾತ್ರಿಕ ಕಣ್ಣ ಮುಂದೆ ಬಂದು ನಿಂತರೆ ಆಶ್ಚರ್ಯವಿಲ್ಲ. ಚಿತ್ರ ಚೆನ್ನಾಗಿದೆ, ನನಗೂ ಇಷ್ಟವಾಯಿತು. ಆದರೆ ಕುಲುಮೆಯೆಂಬ ಪದ ದಾರಿಯೆಂಬ ಅರ್ಥಕ್ಕೆ ಸರಿಯುತ್ತಿರುವ ನಡುವಿನ ಹಂತವನ್ನು ಯಾವ ಹಳೆಯ ಬರಹದಲ್ಲೂ ಯಾರೂ ತೋರಿಸಿಕೊಟ್ಟಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಗಲಿಸಿಯನ್ ಒಂದನ್ನೇ ಹಿಡಿದು ಕೂತರೆ ಲೇಖಕರ ತಪ್ಪನ್ನು ತೋರಿಸಿಕೊಡಲು ಸಾಧ್ಯವಿಲ್ಲ. ಒಂದು ಮಕಾರದ ಪದವಾದರೂ ಎರಡು ಮಕಾರದ ಪದವಾದರೂ ಆ ಭಾಷೆಯ ಧ್ವನಿನಿಯಮಗಳ ಕೈಗೆ ಸಿಕ್ಕಿ ಕೊನೆಗೆ ‘ಕಮೀಞೊ’ ಎಂದೇ ಆಗಬೇಕು. ಈ ನಿಯಮಗಳಲ್ಲಿ ಒಂದನ್ನು ಸ್ವಲ್ಪ ವಿವರಿಸಲು ಅನುಮತಿ ಬೇಡುತ್ತೇನೆ, ಏಕೆಂದರೆ ಗಲಿಸಿಯನ್ನಿನ ಮುಖಚಹರೆಯೇ ಅದರಿಂದ ಬಂದದ್ದು. ಎರಡು ಸ್ವರಗಳ ನಡುವೆ ಒಂಟಿಯಾಗಿ ನಿಂತ ಲ್ಯಾಟಿನ್ ನಕಾರವು ಅಲ್ಲಿ ಬಿದ್ದುಹೋಯಿತು. ಚಂದ್ರನಿಗೆ ‘ಲೂನ’ ಎನ್ನುತ್ತಿದ್ದದ್ದು ‘ಲೂಅ’ ಆಯಿತು, ಮರಳಿನ ‘ಅರೇನ’ ಹೋಗಿ ‘ಅರೇಅ’ ಉಳಿಯಿತು, ಕಿರೀಟದ ‘ಕೊರೋನ’ ‘ಕೊರೋಅ’ ಆಯಿತು. ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ, ಇದು ಒಂದೆರಡು ಪದಗಳಿಗೆ ಆದ ಅಪಘಾತವಲ್ಲ. ಸಾಲುಸಾಲಾಗಿ ನಡೆದ ಬದಲಾವಣೆ. ಆದರೆ ನಕಾರ ಒಮ್ಮೆಲೇ ಮಾಯವಾಗಲಿಲ್ಲ. ಹೋಗುವಾಗ ತನ್ನ ಅನುನಾಸಿಕತೆಯನ್ನು ಹಿಂದಿನ ಸ್ವರದ ಮೇಲೆ ಬಿಟ್ಟುಹೋಯಿತು. 13ನೆಯ ಶತಮಾನದ ಗಲಿಸಿಯನ್-ಪೋರ್ಚುಗೀಸ್ ಪದ್ಯಗಳ ಹಸ್ತಪ್ರತಿಗಳಲ್ಲಿ ದಾರಿ ಎಂಬ ಪದವನ್ನು ನಕಾರವಿಲ್ಲದೆ, ಸ್ವರದ ತಲೆಯ ಮೇಲೆ ಸಣ್ಣ ಅಲೆಯಂಥ ಗೆರೆ ಎಳೆದು, ಹೆಚ್ಚುಕಡಿಮೆ ‘ಕಮೀಂಒ’ ಎಂದು ಓದುವಂತೆ ಬರೆದಿದ್ದಾರೆ. ತೋಂಟ ತೋಟವಾಗುವ, ದಾಂಟು ದಾಟಾಗುವ ನಡುದಾರಿಯಲ್ಲಿ ನಮ್ಮವರ ಬಾಯಲ್ಲೂ ಇಂಥದೊಂದು ಸ್ವರ ಇದ್ದಿರಬೇಕು. ಕನ್ನಡದಲ್ಲಿ ಆ ಮೂಗಿನ ಸದ್ದು ಅಳಿಸಿಹೋಯಿತು. ಗಲಿಸಿಯನ್ನಿನಲ್ಲೂ ಬಹುತೇಕ ಕಡೆ ಅಳಿಸಿಹೋಯಿತು, ಆದರೆ ಹಿಂದಿನ ಸ್ವರ ‘ಈ’ ಆಗಿದ್ದ ಕಡೆ ಮಾತ್ರ ಅದು ನಾಲಗೆಗೆ ಅಂಟಿಕೊಂಡು, ‘ಈ’ಕಾರದ ತಾಲವ್ಯಸ್ಥಾನದಲ್ಲೇ ಗಟ್ಟಿಯಾಗಿ, ಪೂರ್ಣ ವ್ಯಂಜನವಾದ ‘ಞ’ ಆಗಿ ಮತ್ತೆ ಹುಟ್ಟಿತು. ಹೀಗಾಗಿ ದ್ರಾಕ್ಷಾರಸದ ‘ವೀನುಂ’ ‘ವೀಞೊ’ ಆಯಿತು; ಹಿಟ್ಟಿನ ‘ಫರೀನ’ ‘ಫರೀಞ’ ಆಯಿತು; ಗಿರಣಿಯ ‘ಮೊಲೀನುಂ’ ನಡುವಿನ ಲಕಾರವನ್ನೂ ಕಳೆದುಕೊಂಡು ‘ಮುಯೀಞೊ’ ಆಯಿತು. ದಾರಿಯ ‘ಕಮೀಞೊ’ ಇದೇ ಸಾಲಿನಲ್ಲಿ ನಿಲ್ಲುತ್ತದೆ. ಸ್ಪ್ಯಾನಿಷ್ ಈ ಯಾವ ಗೊಡವೆಗೂ ಹೋಗದೆ ‘ಕಮೀನೊ’ದ ನಕಾರವನ್ನು ಹಾಗೇ ಇಟ್ಟುಕೊಂಡಿದೆ. ಇಷ್ಟು ಅನುಭವಿಸಿ ಬಂದ ‘ಞ’ವನ್ನು ನಾವು ಅಚ್ಚಿನಲ್ಲಿ ‘ನ’ ಮಾಡಿದರೆ ಸಾವಿರ ವರ್ಷಗಳ ಕೆಲಸವನ್ನು ಒಂದು ಅಕ್ಷರದಲ್ಲಿ ಒರೆಸಿಹಾಕಿದಂತೆ.

ಹಾಗಾದರೆ ಒಂದು ಮಕಾರವೋ ಎರಡೋ ಎಂಬ ವ್ಯಾಜ್ಯವನ್ನು ತೀರಿಸುವವರು ಯಾರು? ಇಟಾಲಿಯನ್. ಲ್ಯಾಟಿನ್ನಿನ ದ್ವಿತ್ವವನ್ನು ಇಂದಿಗೂ ಬಾಯಲ್ಲಿ ಉಳಿಸಿಕೊಂಡಿರುವ ಭಾಷೆ ಅದು. ಅಲ್ಲಿ ದಾರಿಗೆ ‘ಕಮ್ಮೀನೊ’, ಬೆಂಕಿಗೂಡಿಗೆ ‘ಕಮೀನೊ’. ಎರಡೂ ಜೀವಂತ ಪದಗಳು, ಎರಡನ್ನೂ ಅಲ್ಲಿನ ಮಕ್ಕಳೂ ಗೊಂದಲವಿಲ್ಲದೆ ಬಳಸುತ್ತಾರೆ. ಸ್ಪೇನಿನ ಯಾತ್ರಾಮಾರ್ಗದ ಫಲಕವನ್ನು ಮೊದಲ ಬಾರಿ ನೋಡುವ ಇಟಲಿಯವನೊಬ್ಬನಿಗೆ ಅದು ‘ಸಾಂತಿಯಾಗೊದ ಚಿಮಣಿ’ ಎಂದು ಕಂಡರೂ ಕಾಣಬಹುದು! ದಾರಿಯೂ ಒಲೆಯೂ ಮೂಲದಲ್ಲಿ ಒಂದೇ ಪದವಾಗಿದ್ದರೆ ಇಟಾಲಿಯನ್ನಿನಲ್ಲಿ ಈ ಭೇದ ಎಲ್ಲಿಂದ ಬರಬೇಕು? ಒಲೆಯ ಕಥೆ ಮುಗಿಯುವುದು ಇಲ್ಲಿಗೆ.

ಎರಡು ಮಕಾರ ಬಂದದ್ದು ಏಕೆ ಎಂದು ಕೇಳಿದರೆ ಕೆಲ್ಟರ ಮನೆಯ ಬಾಗಿಲು ತೆರೆಯುತ್ತದೆ. ಹೆಜ್ಜೆ ಎಂಬುದಕ್ಕೆ ಹಳೆಯ ಐರಿಷ್‌ನಲ್ಲಿ ‘ಕೇಮ್’ ಎಂಬ ಪದವಿದೆ. ಇಂದಿನ ಐರಿಷ್‌ನಲ್ಲಿ ಅದು ಹೆಜ್ಜೆಯೂ ಹೌದು, ವಿಶ್ವವಿದ್ಯಾಲಯದ ಪದವಿಯೂ ಹೌದು. ವೆಲ್ಷ್‌ನಲ್ಲಿ ಹೆಜ್ಜೆಗೆ ‘ಕಮ್’. ಹಳೆಯ ಐರಿಷ್‌ನಲ್ಲಿ ‘ಹೆಜ್ಜೆಯಿಡು, ಸಾಗು’ ಎಂಬ ಅರ್ಥದ ಕ್ರಿಯಾಪದದಲ್ಲಿ ‘ಕಿಂಗ್’ ಎಂಬ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿ ಭಾಷಾವಿಜ್ಞಾನಿಗಳು, ಮೂಲ ಕೆಲ್ಟಿಕ್ ಪದದ ನಡುವೆ ಙಕಾರವೂ ಸಕಾರವೂ ಮಕಾರವೂ ಒತ್ತೊತ್ತಾಗಿ ಇದ್ದವೆಂದೂ, ಕಾಲಕ್ರಮದಲ್ಲಿ ಮೊದಲ ಸದ್ದುಗಳು ಮಕಾರದೊಳಗೆ ಕರಗಿ ಅದನ್ನು ಇಮ್ಮಡಿ ಮಾಡಿದವೆಂದೂ ತೀರ್ಮಾನಿಸಿದ್ದಾರೆ. ಕನ್ನಡಿಗರಿಗೆ ಇದನ್ನು ಉದ್ದಕ್ಕೆ ವಿವರಿಸಬೇಕಿಲ್ಲ; ಕರ್ಪು ಕಪ್ಪಾಗುವಾಗ, ಇರ್ದ ಇದ್ದ ಆಗುವಾಗ ನಮ್ಮಲ್ಲೂ ಒಂದು ಸದ್ದು ಸತ್ತು ಪಕ್ಕದ್ದಕ್ಕೆ ತನ್ನ ಆಸ್ತಿ ಬಿಟ್ಟುಹೋಗಿದೆ. ಹೀಗೆ ಬಂದ ‘ಹೆಜ್ಜೆ’ಗೆ ಪ್ರತ್ಯಯ ಸೇರಿ ‘ಹೆಜ್ಜೆಯಿಡುವ ಜಾಗ’, ಅಂದರೆ ದಾರಿ, ಎಂಬ ಪದವಾಯಿತು. ನಾವು ಕಾಲುಹಾದಿ ಎನ್ನುವಾಗ ಕಾಲನ್ನು ಹಾದಿಗೆ ಕಟ್ಟುವ ಹಾಗೆಯೇ ಇದೂ.

ಅದೇ ಕುಟುಂಬದ ಇನ್ನೊಬ್ಬ ಸದಸ್ಯನನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು, ಬಂಧುತ್ವ ಮಾತ್ರ ಗೊತ್ತಿರುವುದಿಲ್ಲ. ಕ್ರಿ.ಪೂ. 52ರಲ್ಲಿ ಅಲೇಸಿಯಾದಲ್ಲಿ ಸೀಸರನಿಗೆ ಶರಣಾದ ಗಾಲ್ (ಇಂದಿನ ಫ್ರಾನ್ಸಿನ ಕಡೆಯ ಕೆಲ್ಟರ) ನಾಯಕ ವೆರ್ಸಿಂಜೆಟೊರಿಕ್ಸ್‌ನ ಹೆಸರನ್ನು ಒಡೆದು ನೋಡಿದರೆ ಮೊದಲು ‘ಮೇಲಿನ’ ಎಂಬರ್ಥದ ‘ವೆರ್’, ಕೊನೆಗೆ ನಮ್ಮ ರಾಜ ಶಬ್ದದ ದೂರದ ಸೋದರನಾದ ‘ರಿಕ್ಸ್’. ನಡುವಿನ ‘ಕಿಂಗೆತೊ’ ಎಂದರೆ ಮುನ್ನಡೆಯುವವನು, ಯೋಧ. ಅದೇ ಹೆಜ್ಜೆಯ ಧಾತು. ಕೆಲವು ವಿದ್ವಾಂಸರು ಇನ್ನೂ ಹಿಂದಕ್ಕೆ ಹೋಗಿ, ಕುಂಟು ಎಂಬರ್ಥದ ಜರ್ಮನ್ ಪದವನ್ನೂ ಸಂಸ್ಕೃತದ ‘ಖಂಜ’ವನ್ನೂ ಇದೇ ಬುಡಕ್ಕೆ ಸೇರಿಸುತ್ತಾರೆ. ಹೆಜ್ಜೆಹಾಕುವವನೂ ಕುಂಟುವವನೂ ಒಂದೇ ಮೂಲದವರೆಂಬುದು, ಐದು ದಿನ ನಡೆದು ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿಕೊಂಡ ನನ್ನಂಥವನಿಗೆ ತಮಾಷೆಯಾಗಿ ಕಂಡಿಲ್ಲ.

ಇಲ್ಲಿಗೆ ಲೇಖಕರ ಎರಡನೆಯ ಮಾತು ಅರ್ಧ ಸರಿಯೆಂದು ಒಪ್ಪಿದಂತಾಯಿತು: ಪದ ಕೆಲ್ಟಿಕ್ ಮೂಲದ್ದೇ. ತಕರಾರಿರುವುದು ‘ಗಲಿಸಿಯಾದ ಕೆಲ್ಟರು ಉಳಿಸಿಕೊಂಡು ಬಂದರು’ ಎಂಬುದರ ಬಗ್ಗೆ. ಗಲಿಸಿಯಾದಲ್ಲಿ ಈ ಬಗೆಯ ಹೇಳಿಕೆಗೆ ಒಂದು ಪರಂಪರೆಯೇ ಇದೆ. 19ನೆಯ ಶತಮಾನದಲ್ಲಿ ಇತಿಹಾಸಕಾರ ಮನುಯೆಲ್ ಮುರ್ಗಿಯಾ, ಕವಿ ಎದುಆರ್ದೊ ಪೊಂದಾಲ್ ಮುಂತಾದವರು ಸ್ಪೇನಿನ ಉಳಿದ ಭಾಗಕ್ಕಿಂತ ತಮ್ಮ ನಾಡು ಬೇರೆಯೆಂದು ತೋರಿಸಲು ಕೆಲ್ಟಿಕ್ ಪೂರ್ವಜರನ್ನು ಮುಂದಿಟ್ಟರು. ಪೊಂದಾಲ್ ಬರೆದ, 1907ರಲ್ಲಿ ಕ್ಯೂಬಾದ ಹವಾನಾದಲ್ಲಿ ವಲಸಿಗರ ಮುಂದೆ ಮೊದಲು ಹಾಡಲಾದ ನಾಡಗೀತೆಯಲ್ಲಿ ಗಲಿಸಿಯಾ ಎಂದರೆ ಬ್ರೆಓಗಾನ್ ಎಂಬ ಪುರಾಣಪುರುಷನ ನಾಡು. ರೋಮನ್ನರಿಗಿಂತ ಮುಂಚೆ ಅಲ್ಲಿ ಕೆಲ್ಟಿಕ್ ಮಾತು ಇತ್ತೆಂಬುದರಲ್ಲಿ ಅನುಮಾನವಿಲ್ಲ. ‘ಕಯೋಬ್ರೆ’, ‘ಸಿಯೋಬ್ರೆ’ಯಂಥ ಊರಹೆಸರುಗಳ ಬಾಲದಲ್ಲಿ ಕೋಟೆಗುಡ್ಡ ಎಂಬರ್ಥದ ‘ಬ್ರಿಗ’ ಇನ್ನೂ ಉಸಿರಾಡುತ್ತಿದೆ. ಹಾಲಿನ ಕೆನೆಗೆ ಅಲ್ಲಿ ಹೇಳುವ ‘ತೋನ’, ಚರ್ಮ ಎಂಬರ್ಥದ ಐರಿಷ್ ಮತ್ತು ವೆಲ್ಷ್ ಪದಗಳ ಹತ್ತಿರದ ನೆಂಟ. ನೆಲದಿಂದ ನೇರವಾಗಿ ಬಂದ ಪದಗಳು ಹೀಗಿರುತ್ತವೆ: ಒಂದು ಪ್ರದೇಶಕ್ಕೆ ಸೀಮಿತವಾಗಿ, ನೆರೆಯ ಭಾಷೆಗಳಲ್ಲಿ ಅಪರೂಪವಾಗಿ.

‘ಕಮೀಞೊ’ ಹಾಗಿಲ್ಲ. ಪೋರ್ಚುಗೀಸ್, ಸ್ಪ್ಯಾನಿಷ್, ಕತಲಾನ್, ಫ್ರೆಂಚ್, ಇಟಾಲಿಯನ್ ಎಲ್ಲವೂ ಇದೇ ಪದವನ್ನು, ಇದೇ ‘-ಈನುಸ್’ ಪ್ರತ್ಯಯದೊಡನೆ, ತಮ್ಮ ತಮ್ಮ ಧ್ವನಿನಿಯಮಕ್ಕೆ ತಕ್ಕಂತೆ ಹೊಂದಿವೆ. ಅಷ್ಟು ಭಾಷೆಗಳ ಕೈಯಲ್ಲಿ ಒಂದೇ ಅಚ್ಚಿನ ನಾಣ್ಯ ಕಂಡರೆ ಟಂಕಸಾಲೆ ಒಂದೇ ಎಂದು ತಿಳಿಯಬೇಕು. ಆ ಟಂಕಸಾಲೆ ಲ್ಯಾಟಿನ್; ಲೋಹ ಮಾತ್ರ ಕೆಲ್ಟರದು. ಐಬೀರಿಯ ಪರ್ಯಾಯದ್ವೀಪದ ಕೆಲ್ಟರಲ್ಲಿ ಇದರ ಬಂಧುವೊಂದು ಇತ್ತೆಂಬುದಕ್ಕೂ ಕುರುಹು ಇದೆ: ಸರಗೋಸದ ಹತ್ತಿರ ಬೊತೊರಿತಾ ಎಂಬಲ್ಲಿ 1970ರಲ್ಲಿ ಸಿಕ್ಕ ಕೆಲ್ಟಿಬೀರಿಯನ್ ಕಂಚಿನ ಶಾಸನದಲ್ಲಿ ‘ಕಮನೊಂ’ ಎಂಬ ಪದ ಬರುತ್ತದೆ, ಅದನ್ನು ದಾರಿ ಎಂದು ಅರ್ಥೈಸುವವರಿದ್ದಾರೆ. ಬೊತೊರಿತಾ ಇರುವುದು ಗಲಿಸಿಯಾದಲ್ಲಲ್ಲ, ದೇಶದ ಈಶಾನ್ಯದ ಎಬ್ರೊ ಕಣಿವೆಯ ಕಡೆ ಎಂಬುದನ್ನು ಪಕ್ಕಕ್ಕಿಟ್ಟರೂ, ಆ ‘-ಅನೊಂ’ ಎಂಬ ಬಾಲದಿಂದ ಗಲಿಸಿಯನ್ನಿನ ‘-ಈಞೊ’ ಹುಟ್ಟುವುದಿಲ್ಲ. ‘ಞ’ ಬರಬೇಕಾದರೆ ಅದಕ್ಕೆ ಮುಂಚೆ ‘ಈ’ ಇರಲೇಬೇಕು ಎಂದು ಮೇಲೆ ನೋಡಿದೆವು. ಆದ್ದರಿಂದ ಗಲಿಸಿಯಾದವರ ಬಾಯಲ್ಲಿರುವುದು ಅವರ ಗುಡ್ಡಗಳ ಕೆಲ್ಟರು ಬಿಟ್ಟುಹೋದ ಪದವಲ್ಲ, ಸೈನಿಕರೊಡನೆ, ವ್ಯಾಪಾರಿಗಳೊಡನೆ, ಗಾಡಿ ಹೊಡೆಯುವವರೊಡನೆ ಲ್ಯಾಟಿನ್ ಉಡುಪು ತೊಟ್ಟು ಬಂದ ಪದ. ಗಾಡಿ ಎಂಬರ್ಥದ ‘ಕಾರ್ರೊ’ ಮತ್ತು ಬಿಯರ್ ಎಂಬರ್ಥದ ‘ಸೆರ್ವೆಶ’ ಕೂಡ ಹೀಗೆಯೇ ಕೆಲ್ಟರಿಂದ ಲ್ಯಾಟಿನ್ನಿಗೆ ಹೋಗಿ, ಲ್ಯಾಟಿನ್ನಿನಿಂದ ಗಲಿಸಿಯಾಕ್ಕೆ ಬಂದವು.

ಇದಕ್ಕೆ ಉತ್ತರವಾಗಿ, ಯಾತ್ರಿಕರಲ್ಲಿ ಹೆಚ್ಚಿನವರು ಫ್ರಾನ್ಸಿನಿಂದ ಬಂದವರಾದ್ದರಿಂದ ಪದವೂ ಮಧ್ಯಯುಗದಲ್ಲಿ ಅವರೊಡನೆಯೇ ಬಂದಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಸಾಂತಿಯಾಗೊದಲ್ಲಿ ಅಪೊಸ್ತಲ ಯಾಕೋಬನದೆಂದು ನಂಬಲಾದ ಸಮಾಧಿ 9ನೆಯ ಶತಮಾನದಲ್ಲಿ ಬೆಳಕಿಗೆ ಬಂತು, ಈಗಿನ ಮಹಾದೇವಾಲಯದ ಕಟ್ಟಡ 1075ರಲ್ಲಿ ಆರಂಭವಾಯಿತು, ಅದರ ಸುತ್ತಿನ ಶತಮಾನಗಳಲ್ಲಿ ಪಿರನೀಸ್ ಪರ್ವತ ದಾಟಿ ಬಂದ ಫ್ರೆಂಚರು ಊರೂರುಗಳಲ್ಲಿ ನೆಲೆಸಿದ್ದೂ ನಿಜ. ಆದರೆ ಫ್ರೆಂಚಿನಲ್ಲಿ ಲ್ಯಾಟಿನ್ನಿನ ‘ಕ’ ಅಕಾರದ ಮುಂದೆ ಹಳೆಯ ಕಾಲದಲ್ಲೇ ‘ಚ’ ಆಗಿತ್ತು, ಈಗ ಅದು ‘ಶ’. ಫ್ರೆಂಚರಿಂದ ಕೊಂಡ ಟೋಪಿ ಗಲಿಸಿಯನ್ನಿನಲ್ಲಿ ‘ಚಪೆವ್’. ಫ್ರೆಂಚರಿಂದ ಬಂದ ಹೊಗೆಗೂಡು ‘ಚೆಮಿನೇಅ’, ನಕಾರವೂ ಬೀಳದೆ ಹಾಗೇ ಉಳಿದಿದೆ. ದಾರಿಯೂ ಅವರಿಂದಲೇ ಬಂದಿದ್ದರೆ ಅದೂ ಚಕಾರದಿಂದ ಶುರುವಾಗಬೇಕಿತ್ತು. ಕಕಾರ ಗಟ್ಟಿಯಾಗಿ ನಿಂತಿದೆ, ನಕಾರ ಬಿದ್ದು ‘ಞ’ ಎದ್ದಿದೆ. ಅಂದರೆ ಯಾತ್ರಿಕರು ಬರುವುದಕ್ಕೆ ಬಹಳ ಮುಂಚೆಯೇ ಪದ ಅಲ್ಲಿ ಮನೆ ಮಾಡಿಕೊಂಡಿತ್ತು. ಮಜಾ ಎಂದರೆ ಲೇಖಕರು ಇಷ್ಟಪಟ್ಟ ಒಲೆಯ ಪದ ಗಲಿಸಿಯಾಕ್ಕೆ ಬಂದದ್ದೇನೋ ನಿಜ, ಆದರೆ ಈ ‘ಚೆಮಿನೇಅ’ದ ವೇಷದಲ್ಲಿ, ದಾರಿಯ ಮೇಲಲ್ಲ, ಮನೆಯ ಮಾಡಿನ ಮೇಲೆ.

ರೋಮನ್ನರು ತಾವು ಹಾಕಿದ ದೊಡ್ಡ ರಸ್ತೆಗಳನ್ನು ‘ವಿಯಾ’ ಎನ್ನುತ್ತಿದ್ದರು. ಇಂದಿನ ಪೋರ್ಚುಗಲ್ಲಿನ ಬ್ರಾಗದಿಂದ ಓರೆನ್ಸೆಯ ಬೆಟ್ಟಗಳನ್ನು ಹಾದು ಅಸ್ತೋರ್ಗಕ್ಕೆ ಹೋಗುತ್ತಿದ್ದ ‘ವಿಯಾ ನೋವ’ದ ಮೈಲಿಗಂಬಗಳು ಈಗಲೂ ಸಿಗುತ್ತವೆ. 12ನೆಯ ಶತಮಾನದ ಕಲಿಕ್ಸ್‌ಟೀನುಸ್ ಹೊತ್ತಗೆಯಲ್ಲಿರುವ ಯಾತ್ರಿಕರ ಕೈಪಿಡಿಯೂ ‘ಸಾಂತಿಯಾಗೊಗೆ ಹೋಗುವ ನಾಲ್ಕು ವಿಯಾಗಳಿವೆ’ ಎಂದೇ ಆರಂಭವಾಗುತ್ತದೆ. ಪಂಡಿತರು ವಿಯಾ ಎಂದು ಬರೆದರು, ಜನ ಕಮೀಞೊ ಎಂದು ನಡೆದರು. ಗಲಿಸಿಯನ್ನಿನಲ್ಲಿ ದಾರಿಗೆ ಪದಗಳ ಬರವಂತೂ ಇಲ್ಲ. ಕಲ್ಲುಗೋಡೆಗಳ ನಡುವೆ ತಗ್ಗಿನಲ್ಲಿ ಸಾಗುವ ಗಾಡಿಜಾಡು ‘ಕೊರ್ರೆದೋಯ್ರ’; ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದ ಇಕ್ಕಟ್ಟಿನ ಓಣಿ ‘ಕೊಂಗೋಸ್ತ್ರ’; ಹೊಲದ ನಡುವಿನ ಕಾಲುದಾರಿ ‘ಕರ್ರೇಯ್ರೊ’; ಡಾಂಬರು ರಸ್ತೆ ‘ಎಸ್ತ್ರಾದ’, ಅಂದರೆ ಹಾಸಿದ್ದು; ಊರೊಳಗಿನ ಬೀದಿ ‘ರೂಅ’, ಅದು ಸುಕ್ಕು ಎಂಬ ಅರ್ಥದ ಲ್ಯಾಟಿನ್ ‘ರೂಗ’ದಿಂದ ಬಂದದ್ದು. ಊರಿನ ಮುಖದ ಮೇಲಿನ ಸುಕ್ಕುಗಳೇ ಬೀದಿಗಳಾದವು. ಈ ನಿಜವಾದ ವ್ಯುತ್ಪತ್ತಿ ಇರುವಾಗ ಕಟ್ಟುಕಥೆಯ ಅಗತ್ಯವಾದರೂ ಏನಿತ್ತು! ಇಷ್ಟೆಲ್ಲದರ ನಡುವೆ ಯಾತ್ರೆಗೆ ಅಂಟಿಕೊಂಡದ್ದು ಕಮೀಞೊ ಒಂದೇ. ರಾತ್ರಿ ಆಕಾಶದ ಕ್ಷೀರಪಥವನ್ನೂ ಅಲ್ಲಿನ ಹಳ್ಳಿಯವರು ಸಾಂತಿಯಾಗೊದ ಕಮೀಞೊ ಎಂದೇ ಕರೆಯುತ್ತಾರೆ.

ಕೊಂಪೊಸ್ತೆಲಾ ಎಂದರೆ ‘ನಕ್ಷತ್ರದ ಬಯಲು’ ಎಂಬ ವಿವರಣೆಯೂ ಲೇಖನದಲ್ಲಿದೆ. ಅದು ಹಳೆಯ, ಭಕ್ತರ ಮೆಚ್ಚಿನ ವಿವರಣೆ; ಆದರೆ ಧ್ವನಿನಿಯಮ ನೋಡುವವರು ಅದನ್ನು ಅನುಮಾನದಿಂದಲೇ ಕಾಣುತ್ತಾರೆ. ಅಚ್ಚುಕಟ್ಟಾಗಿ ಅಣಿಮಾಡಿದ್ದು ಅಥವಾ ಹೂಳಿದ್ದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿರಬಹುದೆಂಬ ವಾದವೂ ಇದೆ, ಮಹಾದೇವಾಲಯದ ಅಡಿಯಲ್ಲಿ ರೋಮನ್ ಕಾಲದ ಸ್ಮಶಾನ ಸಿಕ್ಕಿರುವುದನ್ನು ಆ ಪಕ್ಷದವರು ನೆನಪಿಸುತ್ತಾರೆ. ಅದು ಇತ್ಯರ್ಥವಾಗದ ವ್ಯಾಜ್ಯವಾದ್ದರಿಂದ ಅದಕ್ಕೆ ನಾನು ಹೋಗುವುದಿಲ್ಲ.

ಇಷ್ಟು ಕಟ್ಟುನಿಟ್ಟು ನನ್ನ ಸ್ವಂತದ್ದೇನಲ್ಲ, ಗಲಿಸಿಯಾದ್ದೇ. 18ನೆಯ ಶತಮಾನದಲ್ಲಿ ಮಾರ್ತಿನ್ ಸರ್ಮಿಯೆಂತೊ ಎಂಬ ಬೆನೆಡಿಕ್ಟೈನ್ ಸನ್ಯಾಸಿ, 1745ರಲ್ಲಿ ಗಲಿಸಿಯಾ ಸುತ್ತಿ, ಗಿಡಗಳಿಗೆ, ಮೀನುಗಳಿಗೆ, ಊರುಗಳಿಗೆ ಜನ ಹೇಳುವ ಹೆಸರುಗಳನ್ನು ಬರೆದುಕೊಂಡ. ಪದಗಳ ಮೂಲವನ್ನು ಮನಸ್ಸಿಗೆ ಬಂದಂತೆ ಹೇಳುವುದನ್ನು ಕಂಡು ಬೇಸತ್ತು, ಯಾವ ಲ್ಯಾಟಿನ್ ಅಕ್ಷರ ಗಲಿಸಿಯನ್ನಿನಲ್ಲಿ ಏನಾಗುತ್ತದೆ ಎಂಬುದನ್ನು ಯೂಕ್ಲಿಡ್‌ನ ರೇಖಾಗಣಿತದ ಮಾದರಿಯಲ್ಲಿ ಪ್ರಮೇಯಗಳಾಗಿ ಜೋಡಿಸಲು ಹೊರಟ. ಧ್ವನಿನಿಯಮಗಳ ಶಾಸ್ತ್ರ ಜರ್ಮನಿಯಲ್ಲಿ ರೂಪುಗೊಳ್ಳುವುದಕ್ಕೆ ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲವಿತ್ತು. ಗಲಿಸಿಯಾದವರು ಪ್ರತಿವರ್ಷ ಮೇ 17ರಂದು ಆಚರಿಸುವ ತಮ್ಮ ಸಾಹಿತ್ಯ ದಿನವನ್ನು 2002ರಲ್ಲಿ ಅವನಿಗೆ ಅರ್ಪಿಸಿದರು.

ನಾನು ಆ ದಾರಿಯ ಕೊನೆಯ ಭಾಗವನ್ನು ಸಾರ್ರಿಯಾ ಎಂಬ ಪಟ್ಟಣದಿಂದ ನಡೆದಿದ್ದೇನೆ. ಯಾತ್ರೆಯ ಪ್ರಮಾಣಪತ್ರಕ್ಕೆ ಕನಿಷ್ಠ 100 ಕಿಲೋಮೀಟರ್ ಕಾಲ್ನಡಿಗೆ ಬೇಕು, ಸಾರ್ರಿಯಾ ಅದಕ್ಕಿಂತ ಸ್ವಲ್ಪವೇ ಆಚೆ ಇರುವುದರಿಂದ ನನ್ನಂಥ ಅರೆಮನಸ್ಸಿನವರೆಲ್ಲ ಅಲ್ಲಿಂದಲೇ ಹೊರಡುತ್ತಾರೆ. ಸೊಂಟದೆತ್ತರದ ಕಲ್ಲುಗಂಬಗಳ ಮೇಲೆ ನೀಲಿ ಹಿನ್ನೆಲೆಯಲ್ಲಿ ಹಳದಿ ಚಿಪ್ಪು, ಅದರ ಕೆಳಗೆ ಬಾಣ, ಅದರ ಕೆಳಗೆ ಉಳಿದ ದೂರ. ಅಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕಿ ಮೀಟರಿನವರೆಗೂ ಲೆಕ್ಕ ಕೊಡುತ್ತಾರೆ. ಹೊರಟ ದಿನ ಮಧ್ಯಾಹ್ನ, ಮಂಜಿನಲ್ಲಿ ಎದುರಾದ ಕಂಬವೊಂದರ ಮೇಲೆ ‘100,000’ ಎಂದಿದ್ದುದನ್ನು ಕಂಡು, ಇನ್ನು ಒಂದು ಲಕ್ಷ ಏನನ್ನು ನಡೆಯಬೇಕೋ ಎಂದು ನಾನು ಕ್ಷಣಕಾಲ ದಂಗಾಗಿ ನಿಂತೆ. ಪಕ್ಕದ ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕಿಯೊಬ್ಬರು ನನ್ನನ್ನು ನೋಡಿ ಬಾಣದ ಕಡೆಗೆ ಕೈತೋರಿಸಿ ಒಂದೇ ಪದ ಹೇಳಿದರು. ನಾನು ಅಷ್ಟು ಹೊತ್ತಿಗೆ ಹತ್ತಾರು ಬಾರಿ ಸ್ಪ್ಯಾನಿಷ್ ರೂಪವನ್ನು ಕೇಳಿದ್ದೆ. ಮೂಗಿನಿಂದ ಹಾದು ಅಂಗುಳಕ್ಕೆ ತಗಲಿ ಬಂದ ಆ ‘ಞ’ವನ್ನು ಕೇಳಿದ್ದು ಆಗಲೇ.

ಲೇಖಕರು ಮುಂದಿನ ಕಂತಿನಲ್ಲಿ ಯಾತ್ರಿಕರ ಲಾಂಛನವಾದ ಚಿಪ್ಪಿನ ಬಗ್ಗೆ ಬರೆಯುವುದಾಗಿ ತಿಳಿಸಿರುವುದರಿಂದ, ಆ ಬರಹ ಅಚ್ಚಿಗೆ ಹೋಗುವ ಮುನ್ನ ಒಂದು ಮಾತು. ಚಿಪ್ಪಿಗೆ ಗಲಿಸಿಯನ್ನಿನಲ್ಲಿ ‘ವಿಯೇಯ್ರ’; ದಾರಿಗೆ ಇರುವ ಇನ್ನೊಂದು ಪದ ‘ವಿಯೇಯ್ರೊ’. ಎರಡನ್ನೂ ಲ್ಯಾಟಿನ್ನಿನ ‘ವಿಯಾ’ಕ್ಕೆ ಗಂಟುಹಾಕಿ, ದಾರಿಯಲ್ಲಿ ಹಿಡಿದು ನಡೆಯುವುದರಿಂದ ಚಿಪ್ಪಿಗೆ ಈ ಹೆಸರು ಬಂತು ಎಂದು ಬರೆಯುವ ಆಸೆ ಯಾರಿಗಾದರೂ ಆದೀತು. ಚಿಪ್ಪಿನ ಹೆಸರು ಬಂದದ್ದು ‘ವೆನೇರಿಯ’ದಿಂದ, ಅಂದರೆ ಸಮುದ್ರದಿಂದ ಹುಟ್ಟಿಬಂದ ವೀನಸ್ ದೇವಿಯ ಚಿಪ್ಪು. ನಡುವಿನ ನಕಾರ ಎಲ್ಲಿ ಹೋಯಿತೆಂದು ಓದುಗರು ಕೇಳಿದರೆ, ‘ಲೂನ’ದ ನಕಾರ ಹೋದಲ್ಲಿಗೇ ಹೋಯಿತೆಂದು ಅವರು ಧಾರಾಳವಾಗಿ ಬರೆಯಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭಾಷಾವಿಜ್ಞಾನ ಅಧ್ಯಾಪಕ, ತಮ್ಮ ಹಳೆಯ ಓದುಗ